ಇನ್ನೊಂದು ಪ್ರತಿ

ಪೌಡರಿನ ವಾಸನೆ ಮೊದಲು ಬಂತು, ಆಮೇಲೆ ಬಾಗಿಲು ತಳ್ಳಿದ ಸದ್ದು, ಚಪ್ಪಲಿ ಹೊರಗೇ ಬಿಟ್ಟ ಬರಿಗಾಲು — ಇಂಗ್ಲಿಷ್ ವಿಭಾಗದ ಮ್ಯಾಗ್ಡಲಿನ್ ಮೇಡಮ್, ಪಾಠ ಮುಗಿಸಿ ನೇರ ಕಂಪ್ಯೂಟರ್ ಲ್ಯಾಬಿಗೇ, ಎಲ್ಲರಿಗಿಂತ ಮೊದಲು ಬರುವವರು ಇವರೇ ಎಂದು ಲ್ಯಾಬ್ ನೋಡಿಕೊಳ್ಳುವ ನಾಗವೇಣಿಗೆ ಗೊತ್ತಿತ್ತು, ಗೊತ್ತಿದ್ದೂ ಬರದಿರಲಿ ಎಂದು ಬೆಳಗಿನಿಂದ ಬೇಡಿಕೊಂಡಿದ್ದಳು, ಆಯಿತಾ ನಾಗೂ ನಿನ್ನ ವೆಬ್‌ಮೇಲ್, ಆಯಿತು ಮೇಡಮ್, ಕೂತುಕೊಳ್ಳಿ — ಆಗಲು ನಾಲ್ಕು ದಿನ ಹಿಡಿದಿತ್ತು, ಕಾರ್ಕಳದ ಈ ಗುಡ್ಡದ ಕಾಲೇಜಿನಲ್ಲಿ ಫೋನ್ ಲೈನಿನಿಂದ ಇಳಿಸಿಕೊಳ್ಳಲು ಹೋದರೆ ಅರ್ಧಕ್ಕೆ ಕಡಿಯುತ್ತದೆ, ಮಣಿಪಾಲಕ್ಕೆ ಹೋಗಿ ಸ್ಕ್ವಿರಲ್‌ಮೇಲ್ ಎಂಬ ವೆಬ್‌ಮೇಲ್ ತಂತ್ರಾಂಶವನ್ನು ಸಿ.ಡಿ.ಯಲ್ಲಿ ಹಾಕಿಸಿಕೊಂಡು ಬಂದಳು, ಲಿನಕ್ಸ್ ಸರ್ವರಿನಲ್ಲಿ ಬಿಡಿಸಿಟ್ಟಳು, ಬಣ್ಣಬಣ್ಣದ ಮೆನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಸಂಸ್ಥೆಯ ಹೆಸರೇನು, ಮೇಲ್ ಎಲ್ಲಿಂದ ಬರುತ್ತದೆ, ಕಳಿಸಿದ್ದು ಯಾವ ಪೆಟ್ಟಿಗೆಯಲ್ಲಿ ಉಳಿಯಬೇಕು, ಲಾಗಿನ್ ಪುಟದಲ್ಲಿ ಅಳಿಲಿನ ಚಿತ್ರವೇನೋ ಬಂತು, ಒಳಗೆ ಹೋದರೆ ಬರೆಯಲು ಹಕ್ಕಿಲ್ಲ ಎಂಬ ದೂರು, ಡೇಟಾ ಫೋಲ್ಡರ್ ಇನ್ನೂ ಯಂತ್ರದ ಯಜಮಾನ ರೂಟ್ ಹೆಸರಿನಲ್ಲೇ ಇತ್ತು, ಅದನ್ನು ವೆಬ್ ಸರ್ವರಿನ ಹೆಸರಿಗೆ ಮಾಡಲು ಒಂದೇ ಸಾಲು, ಆ ಸಾಲು ಹೊಳೆಯಲು ಒಂದೂವರೆ ದಿನ, ನಡುವೆ ಭಾನುವಾರ ಅಂಬಲಪಾಡಿಯ ಮನೆಯಲ್ಲಿ ಅಪ್ಪ ಕಲ್ಲಯ್ಯ, ಘಟ್ಟದಾಚೆಯಿಂದ ಕೆಲಸಕ್ಕೆ ಬಂದು ಮಣಿಪಾಲದ ಎಷ್ಟೋ ಹಾಸ್ಟೆಲುಗಳ ಗೋಡೆಗೆ ಗಿಲಾವು ಮಾಡಿದವನು, ಏನ್ ಮಾಡ್ತೀಯವ್ವ ಅಲ್ಲಿ ಎಂದು ಕೇಳಿದ್ದ, ಅಂಚೆ ಕಚೇರಿ ಕಟ್ಟಾಕತ್ತೀನಪ್ಪ, ಕಂಪ್ಯೂಟರ್ ಒಳಗ, ಹಂಗಾದ್ರ ಗ್ವಾಡಿ ಗಟ್ಟಿ ಇರ್ಲಿ, ಎಂದು ನಕ್ಕಿದ್ದ, ಅವಳೂ ನಕ್ಕಿದ್ದಳು, ಸೋಮವಾರ ಬೆಳಿಗ್ಗೆಯವರೆಗೂ ಆ ನಗು ಬಾಯಲ್ಲಿತ್ತು, ಆಗ ಕಾಲೇಜಿನ ಕಾರ್ಯದರ್ಶಿ ದೇಜಪ್ಪನವರು ಮೇಲಿನ ಕೋಣೆಗೆ ಕರೆಸಿದರು, ಬಾ ಮಗಾ, ಕೂತುಕೋ, ಹೋಗುವ ಬರುವ ಎಲ್ಲ ಇ-ಮೇಲ್‌ಗಳ ಒಂದೊಂದು ಪ್ರತಿ ನನಗೂ ಬರುವ ಹಾಗೆ ಮಾಡ್ಲಿಕ್ಕೆ ಆಗ್ತದಾ, ಆಗ್ತದೆ ಸರ್, ಆದರೆ, ಎಂತ ಆದರೆ ಮಾರಾಯ್ತಿ, ಕಂಪ್ಯೂಟರು ಕಾಲೇಜಿನದ್ದು, ಲೈನು ಕಾಲೇಜಿನದ್ದು, ಇದನ್ನು ಯಾರಿಗೂ ಹೇಳುವುದು ಬೇಡ ಅಲ್ವಾ — ಹೇಳುತ್ತಾ ಅವರು ತಿರುಗಿ ನೋಡಿದ್ದು ಬೆನ್ನ ಹಿಂದಿನ ಕಬ್ಬಿಣದ ಕಪಾಟನ್ನು, ಅದರೊಳಗೆ ಕೆಲಸಕ್ಕೆ ಸೇರುವಾಗ ಇಟ್ಟುಕೊಂಡ ಅವಳ ಡಿಪ್ಲೊಮಾದ ಮೂಲ ಅಂಕಪಟ್ಟಿಗಳು, ಮೂರು ವರ್ಷದ ಕರಾರು ಮುಗಿಯಲು ಇನ್ನೂ ಹತ್ತೊಂಬತ್ತು ತಿಂಗಳು, ಅವಳು ಕೆಳಗಿಳಿದು ಬಂದು ಮೇಲ್ ಸರ್ವರಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಪ್ರತಿ ಕಳಿಸುವ ಒಂದು ಸಾಲು ಬರೆದಳು, ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಮ್ಯಾಗ್ಡಲಿನ್ ಮೇಡಮ್ ಕನ್ನಡಕ ಏರಿಸಿ ಹೆಸರು ಒತ್ತಿದರು, ಪಾಸ್‌ವರ್ಡ್ ಬಂದಾಗ ಬೆರಳು ನಿಲ್ಲಿಸಿ ಅವಳ ಕಡೆ ನೋಡಿದರು, ಆ ಕಡೆ ನೋಡುತ್ತೀಯಾ ನಾಗೂ, ಬೇಸರ ಮಾಡಬೇಡ, ಅವಳು ಗೋಡೆಗೆ ಮುಖ ಮಾಡಿದಳು, ಮರ್ಯಾದಸ್ಥೆಯ ಹಾಗೆ, ಕ್ಯಾಲೆಂಡರಿನ ಮೇಲೆ ಎರಡು ಸಾವಿರದ ಮೂರು, ಪಾಸ್‌ವರ್ಡ್ ಯಾರಿಗೆ ಬೇಕು ಮೇಡಮ್, ಎಂದು ಮನಸ್ಸಿನಲ್ಲೇ ಆ ಅಂಕಿಗಳಿಗೆ ಹೇಳಿದಳು — ಕೆಲಸಕ್ಕೆ ಸೇರಿದ ವಾರ ತನಗೆ ಜ್ವರ ಬಂದಾಗ ಕಾಪುವಿನ ತಮ್ಮ ಮನೆಗೆ ಕರೆದುಕೊಂಡು ಹೋಗಿ ಮೂರು ದಿನ ಗಂಜಿ ಬೇಯಿಸಿ ಹಾಕಿದವರು, ನಿನ್ನ ಊರಿನ ಕನ್ನಡ ಮಾತಾಡು, ಕೇಳಲಿಕ್ಕೆ ಚಂದ ಉಂಟು ಎಂದವರು — ಇದನ್ನು ಬೇರೆ ಯಾರಿಗೂ ಓದಲಿಕ್ಕೆ ಆಗುವುದಿಲ್ಲ ಅಲ್ವಾ ನಾಗೂ, ಆಫೀಸಿಗೆ ಬರುವ ಕಾಗದ ಒಡೆದೇ ಕೊಡುತ್ತಾರೆ, ಇನ್ನು ಅದೊಂದು ತಪ್ಪಿತು, ಇಲ್ಲ ಮೇಡಮ್, ಎಂದಿತು ಅವಳ ಬಾಯಿ, ಎಷ್ಟು ಸಲೀಸಾಗಿ ಎಂದಿತು, ಮಸ್ಕತ್ತಿನಲ್ಲಿ ನನ್ನ ತಂಗಿ ಝೀಟಾ ಇದ್ದಾಳಲ್ಲ, ಅವಳ ಶಾಲೆಯಲ್ಲಿ ಒಂದು ಜಾಗ ಉಂಟಂತೆ, ಇಲ್ಲಿ ಈಗಲೇ ಗೊತ್ತಾಗಬಾರದು, ಗೊತ್ತಾದರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು, ಹೋದ ವರ್ಷ ಸೋಫಿಯಾ ಟೀಚರ್ ಬೇರೆ ಕಡೆ ಅರ್ಜಿ ಹಾಕಿದ್ದು ತಿಳಿದ ದಿನವೇ ಅವರ ಅನುಭವ ಪತ್ರ ಆ ಕಪಾಟು ಸೇರಿತು, ಅವರು ಇನ್ನೂ ಇಲ್ಲೇ ಹಾಜರಿ ಕೂಗುತ್ತಾರೆ. ಮೇಡಮ್ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಾರೆ, ಸಮಯ ಉಂಟು, ಪಕ್ಕದ ಪರದೆಯಲ್ಲಿ ಫೈಲು ತೆರೆದೇ ಇದೆ, ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಬಿದ್ದರೆ ಸಾಕು, ಅದು ಸತ್ತ ಹಾಗೆ, ಆಮೇಲೆ ಮೇಲ್ ಸರ್ವರಿಗೆ ಒಂದು ರೀಲೋಡ್, ಅಷ್ಟೇ, ಒತ್ತಿದಳು, ಹ್ಯಾಶ್ ಬಿತ್ತು, ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ದೇಜಪ್ಪನವರು, ನಿನ್ನ ಟೆಸ್ಟ್ ಪ್ರತಿ ಬಂತು ಮಗಾ, ಸಂಜೆಯೊಳಗೆ ಎಷ್ಟು ಬರ್ತದೆ ನೋಡುವಾ, ಒಂದೂ ಬರದಿದ್ದರೆ ಕೇಳುವುದು ಯಾರನ್ನು, ಅಪ್ಪನ ಬೆರಳುಗಳ ಸಂದಿಯಲ್ಲಿ ಸಿಮೆಂಟ್ ತಿಂದ ಬಿಳಿ ಬಿರುಕುಗಳು, ಅಳಿಸಿದಳು, ಮತ್ತೆ ಒತ್ತಿದಳು, ಹೇಳಿಬಿಡಬೇಕು, ಮೇಡಮ್ ಕಳಿಸಬೇಡಿ ಎಂದರೆ ಸಾಕು, ಯಾಕೆ ಎಂದು ಕೇಳುತ್ತಾರೆ, ಕೇಳಿದರೆ ಆ ಮುಖವನ್ನು ನಾಳೆ ಹೇಗೆ ನೋಡುವುದು, ಅಳಿಸಿದಳು, ಫೈಲು ಮೊದಲಿದ್ದ ಹಾಗೇ ಇದೆ, ಯಾರೂ ಮುಟ್ಟಿಲ್ಲ, ಕಳಿಸಿದೆ ನಾಗೂ, ಹೋಯಿತಾ ನೋಡು — ಇಷ್ಟು ಬೇಗ, ಇನ್ನೂ ಬರೆಯುತ್ತಿದ್ದರಲ್ಲ — ಅವಳು ಹೋದ ಬಂದ ಮೇಲುಗಳ ದಾಖಲೆ, ಲಾಗ್ ತೆರೆದಳು, ಕಪ್ಪು ಪರದೆಯ ತಳದಲ್ಲಿ ಎರಡು ಸಾಲು ಒಂದರ ಕೆಳಗೊಂದು ಬಂದು ನಿಂತವು, ಹೋಯಿತು ಮೇಡಮ್, ಮೇಡಮ್ ಅವಳ ಕೆನ್ನೆ ತಟ್ಟಿದರು, ಚಪ್ಪಲಿಯ ಸದ್ದು ವರಾಂಡದಲ್ಲಿ ದೂರವಾಯಿತು, ಎರಡು ಸಾಲು, ಒಂದೇ ಗಂಟೆ, ಒಂದೇ ನಿಮಿಷ, ಒಂದು ಝೀಟಾಗೆ, ಇನ್ನೊಂದು, ಮೇಲಿನ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು, ಎರಡು ಸಾಲು, ಒಂದು ಝೀಟಾಗೆ, ಎರಡು ಸಾಲು