ಜೋಡಿ ಸಂಬಳ

ನಮ್ಮ ಅತ್ತಿಗೆ ಮಾಡಿದ ಹಲ್ಲಿನ ಸೆಟ್ಟು ಹಾಕಿಕೊಂಡವರು ಕಾರಣವಿಲ್ಲದೆಯೂ ನಗುತ್ತಾರೆ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವ ವಿದ್ಯೆಯನ್ನು ಅವರು ನಮ್ಮ ದೇಶದಲ್ಲೇ ಕಲಿತು ಬಂದವರು. ಇಲ್ಲಿ ಅವರು ಕೆಲಸ ಮಾಡುವ ಹಲ್ಲಿನ ಕಾರ್ಖಾನೆಯಲ್ಲೇ ಅಣ್ಣ ಅಚ್ಚು ತೊಳೆಯುತ್ತಾನೆ, ನಾನು ಬಿಲ್ಲು ಬರೆಯುತ್ತೇನೆ. ಆದರೆ ಮಾಲೀಕನ ಲೆಕ್ಕದಲ್ಲಿ ಅಣ್ಣ ಕುಶಲಕರ್ಮಿ, ಅತ್ತಿಗೆ ಸಹಾಯಕಿ.

ಹೊರದೇಶದಿಂದ ಬಂದ ಗಂಡಹೆಂಡಿರನ್ನು ಜೋಡಿಯಾಗಿ ಇಟ್ಟುಕೊಳ್ಳುವುದು, ಕಸುಬು ಯಾರದೇ ಇರಲಿ ಗಂಡಸಿನದೆನ್ನುವುದು, ಇಬ್ಬರ ಸಂಬಳವನ್ನೂ ಅವನ ಕೈಗೇ ಹಾಕುವುದು ಇಲ್ಲಿನ ಪದ್ಧತಿ. ಅತ್ತಿಗೆಯ ಪಕ್ಕದ ಬೆಂಚಿನ ಅಕ್ಕ ಇಲ್ಲೇ ಹುಟ್ಟಿದವಳು. ಅದೇ ಕೆಲಸಕ್ಕೆ ಅತ್ತಿಗೆಯ ಎರಡರಷ್ಟು ಪಡೆಯುತ್ತಾಳೆ. ಇಲ್ಲಿನ ಗಂಡಸರಿಗೆ ಅವಳಿಗಿಂತಲೂ ಹೆಚ್ಚು. ಹೊರಗಿನವಳೆಂದು ಒಂದು ಕಡಿತ, ಹೆಂಗಸೆಂದು ಇನ್ನೊಂದು. ಹಲ್ಲಿನ ಕಾರ್ಖಾನೆಯಲ್ಲಿ ಕಡಿತಕ್ಕೇನು ಬರ?

ಮೊನ್ನೆ ಮಾಲೀಕ ಅಣ್ಣನನ್ನು ಮೇಸ್ತ್ರಿ ಮಾಡುತ್ತೇನೆಂದ. ಅಮ್ಮ ಹಿಗ್ಗಿ ಹೀರೇಕಾಯಿಯಾದಳು.

"ಅವನು ಮುಂದೆ ನಿಂತಿರ್ಲಿ, ನೀನು ಹಿಂದಿನಿಂದ ಮಾಡಿಕೊಡು ತಾಯಿ. ಗಂಡನ ಮರ್ಯಾದೆ ನಿನ್ನದೂ ತಾನೆ?"

"ಮರ್ಯಾದೆ ಅವರೇ ಇಟ್ಕೊಳ್ಲಿ ಅತ್ತೆ, ಸಂಬಳ ನನಗೆ ಬರ್ಲಿ."

"ಬೇರೆಯವರ ಊರಲ್ಲಿ ಬಾಯಿ ಮಾಡ್ಬಾರ್ದು."

"ಬಾಯಿ ಮಾಡೋದೇ ಅಲ್ವಾ ನನ್ನ ಕೆಲಸ?"

ನಾನು ಕಿಸಕ್ಕನೆ ನಕ್ಕೆ. ಅಮ್ಮ ನನ್ನತ್ತ ನೋಡಿದ ರೀತಿಗೆ ಲೋಟ ಎತ್ತಿಕೊಂಡು ಎದ್ದುಹೋದೆ. ಅಣ್ಣ ತಲೆ ಎತ್ತಲಿಲ್ಲ.

ಮರುದಿನ ಅತ್ತಿಗೆ ಮಾಲೀಕನ ಎದುರೇ ನಿಂತರು. "ನನ್ನನ್ನ ಬೇರೆಯಾಗಿ ಬರ್ಕೊಳ್ಳಿ ಸಾರ್. ಆ ಅಕ್ಕನಿಗೆ ಕೊಡೋಷ್ಟು ಕೊಡಿ."

ಮಾಲೀಕನ ಮಾತೆಲ್ಲ ಮೂಗಿನಿಂದಲೇ ಬರುವುದು. "ಪದ್ಧತಿ ಅಂದ್ರೆಂ ಪದ್ಧತಿಂ. ಒಪ್ಪದಿದ್ರೆಂ ಹೊರಡಮ್ಮಂ."

ಅತ್ತಿಗೆ ತಮ್ಮ ಮೇಣದ ಚಾಕು ಒರೆಸಿ, ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಬೆಂಚಿನ ಮೇಲೆ ಅರ್ಧ ಬಾಯಿ ಉಳಿಯಿತು.

"ಮೇಸ್ತ್ರಿಂ, ನೀನೇ ಮುಗ್ಸುಂ."

ಅಣ್ಣ ಕೂತ. ಕೋರೆಹಲ್ಲೊಂದನ್ನು ಎತ್ತಿ, ತಿರುಗಿಸಿ ನೋಡಿ, ತೆಗೆದಲ್ಲೇ ಇಟ್ಟ. ಮನೆಯ ಬಾಡಿಗೆ, ಅಮ್ಮನ ಔಷಧಿ, ಎಲ್ಲವೂ ಆ ಹಲ್ಲಿನ ಮೇಲೆ ನಿಂತಿತ್ತು. ನನ್ನ ನಾಲಿಗೆಯಲ್ಲಿ ಒಂದು ತಮಾಷೆಯೂ ಹುಟ್ಟಲಿಲ್ಲ.

"ನನಗೆ ಬರಲ್ಲ ಸಾರ್," ಎಂದ ಅಣ್ಣ. "ಯಾವತ್ತೂ ಬರ್ತಿರ್ಲಿಲ್ಲ. ನಾನು ಅಚ್ಚು ತೊಳೆಯೋನು, ಚೆನ್ನಾಗಿ ತೊಳೀತೀನಿ. ಅದಕ್ಕೆಷ್ಟೋ ಅಷ್ಟು ಕೊಡಿ."

ಪಕ್ಕದ ಬೆಂಚಿನ ಅಕ್ಕ ಮೇಣ ಕಾಯಿಸುವ ದೀಪ ಆರಿಸಿದಳು. "ಅವಳು ಬರೋವರೆಗೂ ನಾನೂ ಸುಮ್ನೆ ಕೂತಿರ್ತೀನಿ."

ಹಿಂದಿನ ಸಾಲಿನಲ್ಲಿದ್ದ 'ಸಹಾಯಕಿ'ಯರೂ ಒಬ್ಬೊಬ್ಬರಾಗಿ ದೀಪ ಆರಿಸಿದರು. ಅವರ ಗಂಡಂದಿರು ತಂತಮ್ಮ ಕೈಗಳನ್ನೇ ನೋಡಿಕೊಂಡರು.

ಮಾಲೀಕ ಆರಿದ ದೀಪಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ ಅಣ್ಣನನ್ನು ಕೇಳಿದ, "ನಿಮ್ಮ ಮನೆ ಎಲ್ಲಿಂ?"

ಅಣ್ಣ ಎದ್ದು ಕೈ ತೊಳೆದುಕೊಂಡ.

"ತೋರಿಸ್ತೀನಿ ಬನ್ನಿ ಸಾರ್. ಆದ್ರೆ ಮಾತು ಅವಳ ಹತ್ರ ಆಡಿ, ನನ್ನ ಹತ್ರ ಬೇಡ."