ಎರಡು ಗೀರಿನ ಬಿಲ್ಲೆ

ಗೋಡೆಯಾಚೆ ಪ್ರಯೋಗಾಲಯದ ಗುರು ಒನಿಝುಕಾ ಸೆನ್ಸೇ ಗಟ್ಟಿಯಾಗಿ ನಕ್ಕರು. ಈಚೆ ತಾಮ್ರದ ಬಿಲ್ಲೆ ಉಜ್ಜುತ್ತಿದ್ದ ಅಕಾನೆ ಕುಸುನೋಕಿಯ ಕೈ ಅಲ್ಲೇ ನಿಂತಿತು.

ಸೆನ್ಸೇ ಹಾಗೆ ಹೊಟ್ಟೆ ಹಿಡಿದುಕೊಂಡು ನಗುವುದು ಕಿರಿಯ ವಿದ್ಯಾರ್ಥಿ ಹಿರಬಾರು ಏನಾದರೂ ಹೇಳಿದಾಗ ಮಾತ್ರ. ಒಂದು ಕಾಲಕ್ಕೆ ಅಕಾನೆಯ ಮಾತಿಗೂ ನಗುತ್ತಿದ್ದರು. ಈಗೀಗ "ಹೌದಾ" ಎನ್ನುತ್ತಾರೆ, ಅಷ್ಟೆ. ಮಧ್ಯಾಹ್ನ ಉದೋನ್ ನೂಡಲ್ಸ್ ತಿನ್ನಲು ಹೋಗುವಾಗಲೂ ಕರೆ ಬರುವುದು ಅವನಿಗೇ. ಆ ಹುಡುಗ ಈ ಫುಕುಒಕಾ ಪ್ರಯೋಗಾಲಯಕ್ಕೆ ಬಂದಾಗ ಅವನಿಗೆ ಬಿಲ್ಲೆಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಹಿಡಿಸಿ ಕಲಿಸಿದವಳು ಇವಳು.

ಅವರ ಕೆಲಸ ಕೇಳುವುದಕ್ಕೆ ಸುಲಭ. ಅಂಗಿಯ ಗುಂಡಿಯಷ್ಟು ದೊಡ್ಡ ಲೋಹದ ಬಿಲ್ಲೆಯನ್ನು ಎರಡು ಗಟ್ಟಿ ಅಚ್ಚುಗಳ ನಡುವೆ ಅಸಾಧ್ಯ ಒತ್ತಡದಲ್ಲಿ ಅದುಮಿ, ಕೆಳಗಿನ ಅಚ್ಚನ್ನು ತಿರುಗಿಸುವುದು. ಬಟ್ಟೆ ಹಿಂಡಿದ ಹಾಗೆ. ಒಳಗಿನ ಹರಳುಗಳೆಲ್ಲ ನುಚ್ಚುನೂರಾಗಿ, ಮೆತ್ತಗಿದ್ದ ತಾಮ್ರ ಎರಡು ಮೂರು ಪಟ್ಟು ಗಡಸಾಗುತ್ತದೆ. ಜಗಳವಿದ್ದದ್ದು ಅದರ ಮುಂದಿನದಕ್ಕೆ. ತಿರುಚಿದಷ್ಟೂ ಗಡಸಾಗುತ್ತಲೇ ಹೋಗುತ್ತದೆ, ಐದು ಸುತ್ತಿಗಿಂತ ಹತ್ತು ಸುತ್ತು ಮೇಲು ಎಂದು ಅಕಾನೆ. ಐದು ಸುತ್ತಿಗೇ ಅದರ ಕಥೆ ಮುಗಿಯಿತು, ಆಮೇಲೆ ಎಷ್ಟು ತಿರುಚಿದರೂ ಅಷ್ಟೇ ಎಂದು ಹಿರಬಾರು. ಶರತ್ಕಾಲದ ಲೋಹವಿಜ್ಞಾನ ಸಭೆಗೆ ಸೆಂದಾಯ್ ನಗರಕ್ಕೆ ಈ ವಿಷಯವಾಗಿ ಒಬ್ಬರೇ ಹೋಗಬಹುದು. ಯಾರ ಮಾತು ನಿಲ್ಲುತ್ತದೋ ಅವರು ಹೋಗಲಿ ಎಂದಿದ್ದರು ಸೆನ್ಸೇ. ಹತ್ತು ಸುತ್ತಿನ ನಂಬಿಕೆಯ ಮೇಲೆ ಅಕಾನೆಯ ಪ್ರಬಂಧದ ಅರ್ಧ ಭಾಗ ನಿಂತಿತ್ತು.

ಇಬ್ಬರೂ ತಂತಮ್ಮ ಬಿಲ್ಲೆಯನ್ನು ಪಾರದರ್ಶಕ ಅಂಟಿನಲ್ಲಿ ಕೂರಿಸಿ, ಕನ್ನಡಿಯಂತೆ ಉಜ್ಜಿದ್ದಾಯಿತು. ಬೆನ್ನಿನ ಕಡೆ ಸೂಜಿಯ ಗೀರು: ಅವನ ಐದು ಸುತ್ತಿನದಕ್ಕೆ ಒಂದು, ಅವಳ ಹತ್ತು ಸುತ್ತಿನದಕ್ಕೆ ಎರಡು. ಮೇಲಿನಿಂದ ನೋಡಿದರೆ ಅವಳಿ ಮಕ್ಕಳು. ತಟ್ಟೆಯಲ್ಲಿ ತನ್ನದನ್ನು ಎಡಕ್ಕೆ, ಅವನದನ್ನು ಬಲಕ್ಕೆ ಇಟ್ಟಳು. ಹಿರಬಾರು ಬಂದು ತಟ್ಟೆ ಎತ್ತಿ ಅಳೆಯುವ ಯಂತ್ರದ ಬಳಿ ಇಟ್ಟ.

ಆ ಯಂತ್ರ ಹಳೆಯದು. ವಜ್ರದ ಮೊನೆ ಲೋಹದ ಮೇಲೆ ಚೌಕಾಕಾರದ ಸಣ್ಣ ಗುಳಿ ಒತ್ತುತ್ತದೆ. ಗುಳಿ ಚಿಕ್ಕದಾದಷ್ಟೂ ಲೋಹ ಗಡಸು. ಸೂಕ್ಷ್ಮದರ್ಶಕದಲ್ಲಿ ಎರಡು ಕರಿಗೆರೆಗಳನ್ನು ಸರಿಸಿ ಗುಳಿಯ ಎದುರುಬದುರು ಮೂಲೆಗಳಿಗೆ ತಾಗಿಸಿ ಅಳತೆ ಓದಬೇಕು. ಹೊಸ ಯಂತ್ರಗಳು ಇದನ್ನು ತಾವೇ ಮಾಡುತ್ತವೆ. ಆದರೆ ಒನಿಝುಕಾ ಅವರ ಪ್ರಯೋಗಾಲಯದಲ್ಲಿ ಇಬ್ಬರು ಕಣ್ಣಾರೆ ಓದಬೇಕು, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣಿಸಬಾರದು.

ಹಿರಬಾರು ಮೊದಲು ಓದಿ, ಅಂಕಿಗಳನ್ನು ಚೀಟಿಯಲ್ಲಿ ಬರೆದು ಮಡಚಿ ಎದ್ದ. ಅಕಾನೆ ಕೂತಳು. ಎಡಗಡೆಯ ಬಿಲ್ಲೆಯಲ್ಲಿ ಗೆರೆ ಮೂಲೆಗೆ ತಾಗುವ ಮೊದಲೇ ತಾಗಿತೆನಿಸಿತು. ಬಲಗಡೆಯದರಲ್ಲಿ ಮೂಲೆ ಇನ್ನೂ ಕೂದಲೆಳೆಯಷ್ಟು ಆಚೆ ಇದೆಯೆನಿಸಿತು. ಅವಳೇನೂ ಮೋಸ ಮಾಡಲಿಲ್ಲ. ಕಣ್ಣಿಗೆ ಹಾಗೇ ಕಂಡಿತು: ಎಡದ ಗುಳಿ ಚಿಕ್ಕದು, ಬಲದ್ದು ದೊಡ್ಡದು. ಕಂಡದ್ದಕ್ಕೆ ಮನಸ್ಸು ಕುಣಿಯಿತು.

ಸೆನ್ಸೇ ಒಳಗೆ ಬಂದಾಗ ಅವಳೇ ಎದ್ದು ನಿಂತಳು.

"ಎಡಗಡೇದೇ ಗಡಸು, ಸೆನ್ಸೇ. ಸಂಶಯವೇ ಇಲ್ಲ."

"ಎಡಗಡೇದು ಯಾವುದು?"

"ನಂದು. ಹತ್ತು ಸುತ್ತಿಂದು."

ಸೆನ್ಸೇ ಎಡಗಡೆಯ ಬಿಲ್ಲೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರು. ಹೊರಗೆ ಜೀರುಂಡೆಗಳು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು. ಬೆನ್ನಿನಲ್ಲಿ ಇದ್ದದ್ದು ಒಂದೇ ಗೀರು.

ಹಿರಬಾರು ಕಿವಿಯವರೆಗೆ ಕೆಂಪಾದ. ಅವನು ಎಡಗೈಯವನು. ಎತ್ತಿಕೊಳ್ಳಲು ಅನುಕೂಲವಾಗಲೆಂದು ತಟ್ಟೆಯನ್ನು ತಿರುಗಿಸಿ ಇಟ್ಟಿದ್ದ.

"ನನ್ನದೇ ತಪ್ಪು," ಎಂದು ಸೊಂಟ ಬಗ್ಗಿಸಿದ. "ಕುಸುನೋಕಿ ಸಾನ್‌ಗೆ ಹೇಳ್ಲಿಲ್ಲ. ಮತ್ತೆ ಮೊದಲಿಂದ ಅಳೆಯೋಣ."

ಆ ವಿನಯ ಅವಳ ಮೈ ಉರಿಸಿತು. ಬೀಗಿದ್ದರೆ ಬೈಯಬಹುದಿತ್ತು. ಸೆನ್ಸೇ ಇಬ್ಬರ ಚೀಟಿಗಳನ್ನೂ ಅಕ್ಕಪಕ್ಕ ಇಟ್ಟರು. ಹಿರಬಾರು ಓದಿದ್ದರಲ್ಲಿ ಎರಡು ಬಿಲ್ಲೆಗೂ ಹೆಚ್ಚುಕಡಿಮೆ ಒಂದೇ ಅಂಕಿ. ಅವಳದರಲ್ಲಿ ಐದು ಸುತ್ತಿನದು ಹತ್ತು ಸುತ್ತಿನದನ್ನು ಸಲೀಸಾಗಿ ಸೋಲಿಸಿತ್ತು. ಅವನು ಕೂಡ ಅಂಥ ಮಾತು ಆಡಿರಲಿಲ್ಲ.

"ನೀನೇ ಹೇಳಮ್ಮ," ಎಂದರು ಸೆನ್ಸೇ ಮೆಲ್ಲಗೆ. "ಏನ್ಮಾಡೋಣ?"

ಮತ್ತೆ ಅಳೆಯುವುದು ಸುಲಭವಿತ್ತು. ತಟ್ಟೆಯನ್ನು ಸರಿ ಮಾಡಿಟ್ಟು ಕೂತರೆ, ಈ ಸಲ ಗೆರೆಗಳು ಅವಳಿಗೆ ಬೇಕಾದ ಕಡೆಯೇ ನಿಲ್ಲುತ್ತಿದ್ದವು, ಅದೂ ಸಂಶಯವೇ ಇಲ್ಲದಂತೆ. ಈಗಷ್ಟೇ ನಿಂತಿದ್ದವಲ್ಲ. ಅದು ಅವಳಿಗೆ ಗೊತ್ತಾಗಿಹೋಗಿತ್ತು. ಗೊತ್ತಾದದ್ದನ್ನು ಗೊತ್ತಿಲ್ಲದ ಹಾಗೆ ಮಾಡಲು ಬರಲಿಲ್ಲ.

"ಗೀರುಗಳ ಮೇಲೆ ಪಟ್ಟಿ ಅಂಟಿಸಿ," ಎಂದಳು. "ಅದಲುಬದಲು ಮಾಡಿ ಕೊಡಿ. ನಾನು ಆಚೆ ನಿಂತಿರ್ತೀನಿ."

ಒಳಗೆ ಬಂದು ಓದಿದಳು. ಯಾವುದು ತನ್ನದೆಂದು ತಿಳಿಯದ ಕಣ್ಣಿಗೆ ಮೂಲೆ ಮೂಲೆಯಂತೆಯೇ ಕಂಡಿತು. ಗುಳಿಯಾದ ಮೇಲೆ ಗುಳಿ, ಹಿಂದೆ ಮುಂದೆ ಒಂದಿಷ್ಟು, ಕೊನೆಗೆ ಅದೇ ಅಂಕಿ. ಎದ್ದು ಬೆವರು ಒರೆಸಿಕೊಂಡಳು.

"ಎರಡೂ ಒಂದೇ, ಸೆನ್ಸೇ. ಹಿರಬಾರು ಹೇಳಿದ್ದೇ ಸರಿ."

ಸೆನ್ಸೇ ತಲೆಯಾಡಿಸಿದರು. "ಹೌದಾ," ಎಂದು ಮಾತ್ರ ಹೇಳಿ, ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದರು. ನಿನ್ನ ಪ್ರಬಂಧದ ಆ ಅರ್ಧವನ್ನು ಹೊಸದಾಗಿ ಬರೆಯಬೇಕು, ನಾಳೆ ನಾನೂ ನೀನೂ ಕೂತು ನೋಡೋಣ ಎಂದರು. ನಗಲಿಲ್ಲ. ಅಕಾನೆಗೆ ಅದೇ ಸಾಕೆನಿಸಿತು, ಸಾಕಾಗಲೂ ಇಲ್ಲ.

ಹಿರಬಾರು ಇನ್ನೂ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಸೆಂದಾಯ್‌ನಲ್ಲಿ ಅಷ್ಟು ಜನರೆದುರು ನಾಲಗೆ ಹೊರಳೀತೇ, ಹೇಗೆ ಶುರು ಮಾಡಲಿ ಎಂದು ಕೇಳಿದ. ಅವಳು ಎರಡು ಗೀರಿನ ಬಿಲ್ಲೆಯ ಪಟ್ಟಿಯನ್ನು ಉಗುರಿನಿಂದ ಕಿತ್ತಳು.

"ಮೊದಲ ಸ್ಲೈಡಲ್ಲಿ ಇದನ್ನ ತೋರ್ಸೋ," ಎಂದಳು. "ನಿನ್ನದು ಬೇಡ. ನಿನ್ನದರ ಅಂಚಲ್ಲಿ ಇನ್ನೂ ಉಜ್ಜಿದ ಗೆರೆ ಉಳ್ಕೊಂಡಿದೆ. ಉಜ್ಜೋದು ನೀನಿನ್ನೂ ಕಲಿತಿಲ್ಲ."

ಅವನು ತನ್ನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ, ಹೌದೆಂದು ಒಪ್ಪಿಕೊಂಡ.