ಕೆಂಪಯ್ಯನ ಟ್ಯಾಂಕು

ಹೊಸದನ್ನು ಕೈಯಾರೆ ಹಳೆಯದು ಮಾಡುವ ಮನುಷ್ಯನನ್ನು ಗುಂಡ್ಲುಪೇಟೆಯವರು ಅದುವರೆಗೆ ಕಂಡಿರಲಿಲ್ಲ. ಶಾಂತಮಲ್ಲಪ್ಪ ಹಾಲೆಮರದಲ್ಲಿ ಗೇಣುದ್ದದ ಯುದ್ಧದ ಟ್ಯಾಂಕು ಕೆತ್ತಿದಾಗ ಜನ ಭೇಷ್ ಎಂದರು. ತಾನು ಕೆಲಸಕ್ಕಿದ್ದ ಬಸ್ ಶೆಡ್ಡಿನಲ್ಲಿ ಮಿಕ್ಕಿದ್ದ ಹಸಿರು ಬಣ್ಣ ಬಳಿದಾಗಲೂ ಭೇಷ್ ಎಂದರು. ಆಮೇಲೆ ಆಸಾಮಿ ಆ ಚೆಂದದ ಬಣ್ಣವನ್ನೇ ಬ್ಲೇಡಿನಿಂದ ಹೆರೆಯಲು ಕೂತ. ಮೊಳೆ ನೆನೆಹಾಕಿದ ತುಕ್ಕಿನ ನೀರನ್ನು ಅಂಚಿಗೆಲ್ಲ ಇಳಿಬಿಟ್ಟ. ಬುಡ್ಡಿದೀಪದ ಮಸಿಯನ್ನು ಬೆರಳಲ್ಲಿ ತೀಡಿದ. ಪಕ್ಕದ ಮದ್ದೂರಿನ ಕಾಡುರಸ್ತೆಯಿಂದ ತಂದ ಹಳದಿ ಮಣ್ಣನ್ನು ಗೋಂದಿನಲ್ಲಿ ಕಲಸಿ ಚಕ್ರದ ಸರಪಳಿಗೆ ಮೆತ್ತಿದ. ಹೊತ್ತಿಗೆ ಸರಿಯಾಗಿ ಮದುವೆಯಾಗದ ಗಂಡಸಿಗೆ ತಲೆ ನಿಲ್ಲುವುದಿಲ್ಲ ಎಂದು ಶೆಡ್ಡಿನವರು ನಕ್ಕರು. ಆಡುವ ಬಾಯಿಗೆ ಬೀಗ ಹಾಕುವವರಾರು!

ಎರಡನೇ ಮಹಾಯುದ್ಧದಲ್ಲಿ ಅವನು ಬರ್ಮಾದ ಟ್ಯಾಂಕು ರಿಪೇರಿಯ ಪಟಾಲಮ್ಮಿನಲ್ಲಿದ್ದ. ಅಲ್ಲಿ ಕನ್ನಡ ಮಾತಾಡಲು ಇದ್ದವನು ಹರವೆಯ ಕೆಂಪಯ್ಯ ಒಬ್ಬನೇ. ರಿಪೇರಿಯಾದ ಟ್ಯಾಂಕೊಂದನ್ನು ಓಡಿಸಿ ನೋಡಲು ಹೋದ ಕೆಂಪಯ್ಯ, ಕೆಸರಿನಡಿ ಹೂತಿಟ್ಟ ಬಾಂಬು ಸಿಡಿದು ಅದರೊಳಗೇ ಸತ್ತ. ಹಿಂದೆ ನಡೆದು ಬರುತ್ತಿದ್ದ ಶಾಂತಮಲ್ಲಪ್ಪ ಕಣ್ಣಾರೆ ಕಂಡ.

ಊರಿಗೆ ಮರಳಿ ಏಳೆಂಟು ವರ್ಷವಾಗಿತ್ತು. ಕೆಂಪಯ್ಯನ ತಾಯಿ ರಾಚಮ್ಮನನ್ನು ನೋಡಲು ಹರವೆಗೆ ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ. “ನನ್ ಮಗ ಕುಂತಿದ್ದ ಬಂಡಿ ಎಂಗಿತ್ತು ಬುದ್ಧಿ?” ಅವನು ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ, ಅವಳು ಮಾತ್ರ ಮೇಲುಜಾತಿಯವರಿಗೆ ಅನ್ನುವ ‘ಬುದ್ಧಿ’ ಬಿಡಲೊಲ್ಲಳು. “ದೊಡ್ದಾಗಿತ್ತು ಕಣವ್ವ” ಎಂಬುದಕ್ಕಿಂತ ಹೆಚ್ಚಿನ ಮಾತು ಅವನಿಗೆ ಬರುತ್ತಿರಲಿಲ್ಲ. ಬಾಯಿ ಹೇಳದ್ದನ್ನು ಕೈ ತೋರಿಸಲಿ ಎಂದು ಈ ಕೆಲಸಕ್ಕೆ ಕೂತಿದ್ದ. ಕೆಂಪಯ್ಯ ಸತ್ತ ದಿನ ಇದ್ದ ಹಾಗೆಯೇ ಆ ಟ್ಯಾಂಕನ್ನು ಇನ್ನೊಂದು ಜೀವ ನೋಡಿದರೆ, ತನ್ನ ಎದೆಯ ಭಾರ ಅರ್ಧ ಇಳಿದೀತು ಎಂದು ಅವನ ಆಸೆ. ವಿಜಯದಶಮಿಗೆ ತರುತ್ತೇನೆಂದು ಹೇಳಿಕಳಿಸಿದ್ದ.

ಆಯುಧಪೂಜೆಯ ದಿನ ಶೆಡ್ಡಿನಲ್ಲಿ ಬಸ್ಸುಗಳಿಗೆ ಕುಂಬಳಕಾಯಿ ಒಡೆದು ಮನೆಗೆ ಬಂದರೆ, ಜಗಲಿಯ ಮೇಲೆ ಟ್ಯಾಂಕು ಫಳಫಳ ಹೊಳೆಯುತ್ತಿದೆ! ಮೈಮೇಲೆ ಮೂರೆಳೆ ವಿಭೂತಿ, ತೋಪಿನ ಬಾಯಲ್ಲಿ ಸೇವಂತಿಗೆ.

“ವರ್ಸಕ್ಕೊಂದಿನ ಕಣಪ್ಪ,” ಎಂದಳು ಅತ್ತಿಗೆ ಪುಟ್ಟಮಲ್ಲಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಗಾಡಿ, ನೇಗ್ಲು ಎಲ್ಲಾನೂ ತೊಳ್ದೆ. ಇದೊಂದು ಮಣ್ಣು ಮೆತ್ಕಂಡು ಕುಂತಿತ್ತು, ಸೀಗೆಪುಡಿ ಆಕಿ ಉಜ್ಬುಟ್ಟೆ. ಬಣ್ಣ ಕಿತ್ತೋಗಿದ್ದ ಕಡೀಕೆ ಡಬ್ಬೀಲಿ ಮಿಕ್ಕಿದ್ನ ಬಳ್ದಿವ್ನಿ. ಚೆಂದಾಗದಾ?”

ಅವನು ಟ್ಯಾಂಕನ್ನು ಎತ್ತಿ ತಿರುವಿದ; ಮಣ್ಣು, ತುಕ್ಕು, ಮಸಿ ಒಂದೂ ಉಳಿದಿರಲಿಲ್ಲ. ಆದರೆ ಹಬ್ಬದ ದಿನ ಬೆಳಗಿನಿಂದ ಸೊಂಟ ಬಗ್ಗಿಸಿ ತೊಳೆದವಳನ್ನು ಯಾವ ಬಾಯಲ್ಲಿ ಬೈಯುವುದು? “ಚೆಂದಾಗದೆ ಅತ್ತಿಗೆ” ಎಂದು ಹಿತ್ತಲಿಗೆ ಹೋಗಿ ಅತ್ತ. ಮತ್ತೆ ಮಣ್ಣು ಮೆತ್ತಲು ಹೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಮರುದಿನ ಹರವೆಯಲ್ಲಿ ರಾಚಮ್ಮ ಟ್ಯಾಂಕನ್ನು ಮಡಿಲಲ್ಲಿಟ್ಟುಕೊಂಡು ತಡವಿದಳು.

“ಎಲ್ಲಿ ಕುಂತಿದ್ದ?”

ಅವನು ಮೇಲಿನ ಪುಟ್ಟ ಮುಚ್ಚಳ ತೋರಿಸಿದ. ಅವಳು ಅದರ ಮೇಲೆ ಬೆರಳಿಟ್ಟು ಮೆಲ್ಲಗೆ ಸವರಿದಳು. ಆಮೇಲೆ ಮುಖ ಅರಳಿತು.

“ನಾನು ಏನೇನೋ ಅಂದ್ಕಂಡಿದ್ದೆ ಬುದ್ಧಿ. ಕೆಸ್ರು, ಒಗೆ, ಬೆಂಕಿ ಅಂತ ಕಣ್ಮುಚ್ಚುದ್ರೆ ಅದೇಯ. ಇಂಥಾ ಚೆಂದದ್ರಲ್ಲಿ ಕುಂತಿದ್ನಾ ನನ್ ಮಗ? ದಿಟ್ವಾಗ್ಲೂ ಇಂಗೇ ಇತ್ತಾ?”

ಶಾಂತಮಲ್ಲಪ್ಪ ಅವಳ ಮುಖ ನೋಡಿದ. ಇಷ್ಟು ವರ್ಷಗಳಲ್ಲಿ ಅವಳು ನಕ್ಕದ್ದನ್ನು ಅವನು ಕಂಡಿರಲಿಲ್ಲ.

“ಇಂಗೇ ಇತ್ತು ಕಣವ್ವ,” ಎಂದ.

ಅಂದುಬಿಟ್ಟ ಮೇಲೆ, ಆ ದಿನವನ್ನು ಹಂಚಿಕೊಳ್ಳಲು ಅವನಿಗೆ ಈ ಭೂಮಿಯ ಮೇಲೆ ಯಾರೂ ಉಳಿಯಲಿಲ್ಲ.